ಝೀರೋ ಎರರ್ ಮೇಷ್ಟ್ರು

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಮೂರು ವರ್ಷದಿಂದ ಕೇಳುತ್ತಿದ್ದರು. ಸ್ಟ್ರಿಂಗ್ ಥಿಯರಿ ಬಗ್ಗೆ ಮಕ್ಕಳಿಗೆ ತಿಳಿಯುವ ಹಾಗೆ ಬರೆಯಬೇಕು ಅನ್ನುವುದು ಅವರ ಆಸೆ. ನಾನು ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದೆ. ಹೋದ ಜನವರಿಯಲ್ಲಿ ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಕೊಂಡರು. ಇನ್ನು ತಳ್ಳುವ ಹಾಗಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಎಲ್ಲಾದರೂ ಹೆಸರು ಅಚ್ಚಾದರೆ ಸಿಡುಕುತ್ತಿದ್ದ ಮನುಷ್ಯ ಅವರು. ನಮಗೆ ಅವರು ಝೀರೋ ಎರರ್ ಮೇಷ್ಟ್ರು. ಉದ್ದ ಅಳೆಯುವ ವರ್ನಿಯರ್ ಕೈಗೆ ತೆಗೆದುಕೊಂಡರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು. "ಝೀರೋ ಎರರ್ ನೋಡಿದ್ಯೇನಯ್ಯಾ?" ಏನೂ ಅಳೆಯದೆ ಇರುವಾಗಲೂ ಉಪಕರಣ ಸೊನ್ನೆ ತೋರಿಸದಿದ್ದರೆ ಅದೇ ಝೀರೋ ಎರರ್. ಕ್ಯಾಂಟೀನಿನಲ್ಲಿ ಬಿಲ್ ಬಂದಾಗಲೂ ನಾವು ಒಬ್ಬರಿಗೊಬ್ಬರು ಅದನ್ನೇ ಕೇಳಿಕೊಂಡು ನಗುತ್ತಿದ್ದೆವು.

ಮೇಷ್ಟ್ರದು ಎಡಗೈ ಬರವಣಿಗೆ. ಬೋರ್ಡಿನ ಮೇಲೆ ಬರೆಯುತ್ತಾ ಹೋದ ಹಾಗೆ ಬರೆದದ್ದನ್ನೆಲ್ಲ ಅವರ ತೋಳೇ ಒರೆಸಿಕೊಂಡು ಹೋಗುತ್ತಿತ್ತು. ನೋಟ್ಸ್ ಬೇಕಿದ್ದರೆ ಆ ತೋಳಿಗಿಂತ ಮುಂದೆ ಓಡಬೇಕು. ಪಾಠ ಮುಗಿಯುವ ಹೊತ್ತಿಗೆ ಬೋರ್ಡಿಗಿಂತ ಅಂಗಿಯ ಮೇಲೇ ಫಿಸಿಕ್ಸ್ ಜಾಸ್ತಿ ಇರುತ್ತಿತ್ತು. ಏನು ಪಾಠ ಮಾಡಿದರು ಅಂತ ಕೇಳಬೇಡಿ. ನಿಜವಾಗಿ ನೆನಪಿಲ್ಲ. ಆದರೂ ಮೂರು ವರ್ಷವೂ ಕ್ಲಾಸಿಗೆ ಫಸ್ಟ್ ಬಂದವನು ನಾನೇ. ಸಂಪಾದಕರು ಈ ಸಾಲನ್ನು ಹೊಡೆದುಹಾಕದಿದ್ದರೆ ಸಂತೋಷ.

ನೆನಪಿರುವುದು ಸೋನೋಮೀಟರ್.

1987, ಬಿಎಸ್ಸಿ ಎರಡನೇ ವರ್ಷ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿದು ಒಂದು ಆವರ್ತ ಮುಗಿಸುತ್ತದೆ ಅಂತ ಒಂದು ಹಿತ್ತಾಳೆ ತಂತಿಯಿಂದ ಕಂಡುಹಿಡಿಯುವ ಪ್ರಯೋಗ ಇತ್ತು. ತಂತಿಯ ತುದಿಗೆ ತೂಕ ನೇತುಹಾಕಬೇಕು. ಟ್ರಾನ್ಸ್‌ಫಾರ್ಮರಿನಿಂದ ಆರು ವೋಲ್ಟ್ ಹರಿಸಬೇಕು. ಮಧ್ಯದಲ್ಲಿ ಲಾಳದ ಆಕಾರದ ಅಯಸ್ಕಾಂತ. ತಂತಿಯ ಮೇಲೆ ಕಾಗದದ ಪುಟ್ಟ ಚೂರೊಂದನ್ನು ಮಡಿಚಿ ಕೂರಿಸಿ, ಕೆಳಗಿನ ಮರದ ಕುದುರೆಗಳನ್ನು ಸರಿಸುತ್ತಾ ಹೋಗಬೇಕು. ಸರಿಯಾದ ಉದ್ದ ಸಿಕ್ಕಿದ ಕೂಡಲೇ ತಂತಿ ಜೋರಾಗಿ ಮಿಡಿದು ಕಾಗದ ಹಾರಿ ಬೀಳುತ್ತದೆ. ಆ ಉದ್ದ ಅಳೆದು ಲೆಕ್ಕ ಹಾಕಿದರೆ 50 ಬರಬೇಕು. ಬರುತ್ತದೆ ಅಂತ ಊರಿಗೆಲ್ಲ ಗೊತ್ತು.

ಲ್ಯಾಬಿನಲ್ಲಿ ಇದ್ದದ್ದು ಒಂದೇ ಸೋನೋಮೀಟರ್. ಸರದಿಯ ಮೇಲೆ ಇಡೀ ಬ್ಯಾಚು ಮಾಡಬೇಕು. ನಾವು ಮೂವರು ಒಂದು ಸಂಜೆ ಅಟೆಂಡರ್ ಕಣ್ಣು ತಪ್ಪಿಸಿ ಅದರ 24 ಗೇಜ್ ತಂತಿ ಬಿಚ್ಚಿ, 22 ಗೇಜಿನ ದಪ್ಪ ತಂತಿ ಕಟ್ಟಿದೆವು. ತಂತಿಯ ದಪ್ಪ ಸ್ಕ್ರೂಗೇಜಿನಲ್ಲಿ ಅಳೆಯಬೇಕು ಅಂತ ಪುಸ್ತಕದಲ್ಲಿದೆ. ಯಾರೂ ಅಳೆಯುತ್ತಿರಲಿಲ್ಲ. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯ ಅಂಕಿಯನ್ನೇ ಎಲ್ಲರೂ ಹಾಕಿಕೊಳ್ಳುತ್ತಿದ್ದರು. ದಪ್ಪ ತಂತಿಗೆ ತೆಳು ತಂತಿಯ ಅಂಕಿ ಹಾಕಿದರೆ ಉತ್ತರ 64ರ ಹತ್ತಿರ ಬರುತ್ತದೆ. ಎಲ್ಲರೂ ತಲೆ ಕೆಡಿಸಿಕೊಂಡು ಕೂದಲು ಕಿತ್ತುಕೊಳ್ಳುವುದನ್ನು ನೋಡೋಣ ಅಂತ ನಮ್ಮ ಪ್ಲಾನು.

ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಟರ್ಮಿನ ಕೊನೆಯಲ್ಲಿ ಮೇಷ್ಟ್ರು ರೆಕಾರ್ಡ್ ಪುಸ್ತಕಗಳ ಕಟ್ಟು ಹೊತ್ತು ತಂದರು. ಏನೂ ಮಾತಾಡದೆ 24 ಜನರ ಉತ್ತರ ಬೋರ್ಡಿನ ಮೇಲೆ ಬರೆದರು. ಆವತ್ತು ಎಡತೋಳನ್ನು ಎತ್ತಿ ಹಿಡಿದು, ಒಂದೂ ಅಳಿಸದ ಹಾಗೆ. 49.8, 50.1, 50.3, 49.9. ಇಪ್ಪತ್ಮೂರು ಐವತ್ತುಗಳು. ಒಂದು ಮಾತ್ರ 63.6. ಅದು ಕೊನೇ ಬೆಂಚಿನ ಹುಡುಗಿಯದು. ಪಾರ್ಟ್‌ನರ್ ಬಂದಿರಲಿಲ್ಲ ಅಂತ ಒಬ್ಬಳೇ ಮಾಡಿದ್ದಳು.

ಸ್ಕ್ರೂಗೇಜ್ ತೆಗೆದರು. ಝೀರೋ ಎರರ್ ನೋಡಿದರು. ತಂತಿ ಅಳೆದರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು. "ತಂತಿ ಯಾರು ಬದಲಾಯಿಸಿದ್ದು ಅಂತ ನಾನು ಕೇಳಲ್ಲ. ಅದು ತುಂಟತನ, ಪರವಾಗಿಲ್ಲ. ಈ ಐವತ್ತು ಎಲ್ಲಿಂದ ಬಂತು ಅಂತ ಯಾರಾದ್ರೂ ಹೇಳಿ."

ಯಾರೂ ಹೇಳಲಿಲ್ಲ. ನಾನಂತೂ ತಲೆಯೇ ಎತ್ತಲಿಲ್ಲ. ತಂತಿ ಬದಲಾಯಿಸಿದವನು ನಾನು. 64 ಬರುತ್ತದೆ ಅಂತ ಗೊತ್ತಿದ್ದವನು ನಾನು. ಆದರೂ ನನ್ನ ರೆಕಾರ್ಡಿನಲ್ಲಿ ಇದ್ದದ್ದು 50.2. ಮಾರ್ಕ್ಸ್ ಹೋಗುತ್ತದಲ್ಲ! ಆ ಹುಡುಗಿಗೆ ಹತ್ತಕ್ಕೆ ಹತ್ತು. ಉಳಿದವರೆಲ್ಲ ಪ್ರಯೋಗ ಇನ್ನೊಂದು ಸಲ ಮಾಡಿದೆವು.

ಮುಂದೆ ನಾನು ತಂತಿಗಳ ಬೆನ್ನು ಹತ್ತಿಯೇ ಹೊಟ್ಟೆ ಹೊರೆದುಕೊಂಡೆ. ಆದರೆ ಇವು ಯಾರೂ ನೋಡದ ತಂತಿಗಳು, ಸ್ಟ್ರಿಂಗ್ ಥಿಯರಿಯ ಸ್ಟ್ರಿಂಗುಗಳು. ತಂತಿ ಅನ್ನಬೇಕೋ ತಂತು ಅನ್ನಬೇಕೋ ಅಂತ ಕಾಲೇಜಿನ ಕನ್ನಡ ಮೇಷ್ಟ್ರನ್ನು ಒಮ್ಮೆ ಕೇಳಿದ್ದೆ. "ಎಳೆ ಅನ್ನಪ್ಪ, ಚಿಕ್ಕದಾಗಿದೆ, ಚೊಕ್ಕದಾಗಿದೆ" ಅಂದರು. ಎಲೆಕ್ಟ್ರಾನ್ ಥರದ ಕಣಗಳು ಚುಕ್ಕೆಗಳಲ್ಲ, ಮಿಡಿಯುವ ಎಳೆಗಳು ಅನ್ನುವುದು ಈ ವಿದ್ಯೆಯ ಮೊದಲ ಪಾಠ. ಅವುಗಳ ಒಂದು ಮಿಡಿತ ಗುರುತ್ವವನ್ನು ಹೊತ್ತು ಸಾಗುವ ಕಣದ ಹಾಗೇ ನಡೆದುಕೊಳ್ಳುತ್ತದೆ. ಅದಕ್ಕೇ ಇಷ್ಟೊಂದು ಜನ ಇದಕ್ಕೆ ಬಿದ್ದದ್ದು. ಆದರೆ ಈ ಎಳೆ ಹೇಗೆ ಮಿಡಿಯುತ್ತದೆ ಅಂತ ನೋಡಲು ಮೇಲೆ ಕಾಗದದ ಚೂರು ಕೂರಿಸುವ ಹಾಗಿಲ್ಲ. ಗುರುತ್ವವೂ ಕ್ವಾಂಟಮ್ಮೂ ಸೇರುವ ಪ್ಲಾಂಕ್ ಉದ್ದವನ್ನು ಮೀಟರಿನಲ್ಲಿ ಬರೆದರೆ ದಶಮಾಂಶದ ಚುಕ್ಕೆ ಆದ ಮೇಲೆ 34 ಸೊನ್ನೆ, ಆಮೇಲೆ 16. ಯಾವ ಸ್ಕ್ರೂಗೇಜೂ ಅಲ್ಲಿಗೆ ಮುಟ್ಟುವುದಿಲ್ಲ.

1996ರಲ್ಲಿ ನಾನು ಮುಂಬೈಯಲ್ಲಿ ಪಿಎಚ್.ಡಿ. ಮುಗಿಸುತ್ತಿದ್ದೆ. ಆ ವರ್ಷ ಸ್ಟ್ರೋಮಿಂಜರ್ ಮತ್ತು ವಾಫಾ ಬರೆದ ಪೇಪರ್ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಕಪ್ಪುಕುಳಿಗೆ ಎಂಟ್ರೊಪಿ ಇದೆ, ಅಂದರೆ ಅದರ ಒಳಗನ್ನು ಇಂತಿಷ್ಟು ರೀತಿಯಲ್ಲಿ ಜೋಡಿಸಬಹುದು ಅಂತ 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಹೇಳಿದ್ದರು. ಹಾಕಿಂಗ್ ಅದಕ್ಕೆ ಅಂಕಿ ಕೊಟ್ಟರು. ಕುಳಿಯ ಮೈಯ ವಿಸ್ತೀರ್ಣವನ್ನು ಪ್ಲಾಂಕ್ ಅಳತೆಯಲ್ಲಿ ತೆಗೆದುಕೊಂಡು ನಾಲ್ಕರಿಂದ ಭಾಗಿಸಿ, ಅಷ್ಟೇ. ಆದರೆ ಯಾವುದರ ಜೋಡಣೆ ಅಂತ ಕೇಳಿದರೆ ಇಪ್ಪತ್ತು ವರ್ಷ ಯಾರಲ್ಲೂ ಉತ್ತರವಿರಲಿಲ್ಲ. ಸ್ಟ್ರೋಮಿಂಜರ್, ವಾಫಾ ಎಳೆಗಳನ್ನೂ ಅವುಗಳ ಅಣ್ಣತಮ್ಮಂದಿರಾದ ಪೊರೆಗಳನ್ನೂ ಇಟ್ಟುಕೊಂಡು ಒಂದೊಂದಾಗಿ ಎಣಿಸಿದರು. ಆಕಾಶದಲ್ಲಿರುವ ಕಪ್ಪುಕುಳಿಯಲ್ಲ, ಲೆಕ್ಕಕ್ಕೆ ಒಗ್ಗುವ, ಐದು ಆಯಾಮದ ಒಂದು ವಿಶೇಷ ಕುಳಿ. ಆದರೂ ಎಣಿಸಿದರೆ ನಾಲ್ಕನೇ ಒಂದು ಕರಾರುವಾಕ್ಕಾಗಿ ಬಂತು.

ಇದನ್ನೆಲ್ಲ ಮೇಷ್ಟ್ರಿಗೆ ನಾಲ್ಕು ಪುಟ ಬರೆದೆ. ಉತ್ತರವಾಗಿ ಇನ್‌ಲ್ಯಾಂಡ್ ಲೆಟರಿನಲ್ಲಿ ಎರಡೇ ಸಾಲು ಬಂತು. "ನಾಲ್ಕನೇ ಒಂದು ಬರಬೇಕು ಅಂತ ನಿಮ್ಮವರಿಗೆ ಮೊದಲೇ ಗೊತ್ತಿತ್ತಲ್ಲ. 50.2 ಅಲ್ಲ ತಾನೇ?"

ಒಂಬತ್ತು ವರ್ಷವಾದರೂ ನನ್ನ ಅಂಕಿ ಅವರಿಗೆ ನೆನಪಿತ್ತು.

ಒಂದು ತಿಂಗಳು ಉರಿದುಕೊಂಡೆ. ಆಮೇಲೆ ಬರೆದೆ. ಸರ್, ಇದು ಎಣಿಕೆ. ತಿರುಗಿಸಲು ಇದರಲ್ಲಿ ಸ್ಕ್ರೂ ಇಲ್ಲ. ಬೇಕಾದ ಉತ್ತರಕ್ಕೆ ಎಳೆದು ತರೋಣ ಅಂದರೂ ಬರುವುದಿಲ್ಲ. ಅದಕ್ಕವರು, "ಸರಿ. ಆದರೂ ಗೊತ್ತಿಲ್ಲದ ಉತ್ತರ ಒಂದನ್ನು ತಂದು ತೋರಿಸು" ಅಂದರು.

1998ರಲ್ಲಿ ತೋರಿಸಲು ಹೊರಟೆ. ಕಾರ್ತಿಕದ ಕಡೇ ಸೋಮವಾರ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರೋಡಿನ ಉದ್ದಕ್ಕೂ ಕಾಯಿಯ ರಾಶಿ, ಹುರಿದ ವಾಸನೆ, ಪೀಪಿಯ ಗಲಾಟೆ. ಆಗ ನನ್ನ ತಲೆಯ ತುಂಬ ಹಾಲೋಗ್ರಫಿ. ಒಂದು ರಾಶಿ ತೋರಿಸಿ ಶುರು ಮಾಡಿದೆ. ಸರ್, ಈ ಗೋಣಿಯಲ್ಲಿ ಎಷ್ಟು ಕಾಯಿ ಹಿಡಿಸುತ್ತದೆ ಅನ್ನುವುದು ಅದರ ಒಳಗಿನ ಜಾಗದ ಮೇಲೆ ಹೋಗುತ್ತದೆ. ಆದರೆ ತುರುಕುತ್ತಾ ತುರುಕುತ್ತಾ ಹೋದರೆ ಕಡೆಗೆ ಗೋಣಿ ಕುಸಿದು ಕಪ್ಪುಕುಳಿಯಾಗುತ್ತದೆ. ಅಲ್ಲಿ ಲೆಕ್ಕ ನಡೆಯುವುದು ಒಳಗಿನ ಜಾಗದಿಂದಲ್ಲ, ಗೋಣಿಯ ಬಟ್ಟೆಯ ಅಳತೆಯಿಂದ. ಹಾಗಾದರೆ ಯಾವ ಕೋಣೆಯ ಒಳಗಿನ ಸಮಾಚಾರವೂ ಅದರ ಗೋಡೆಯ ಮೇಲೆ ಹಿಡಿಸಬೇಕು. 1993ರಲ್ಲಿ ಟ್ ಹೋಫ್ಟ್ ಹೀಗೆ ಅಂದರು, ಆಮೇಲೆ ಸಸ್ಕಿಂಡ್ ಮುಂದುವರಿಸಿದರು. ಹೋದ ವರ್ಷ ನವೆಂಬರಿನಲ್ಲಿ ಮಾಲ್ಡಸೇನಾ ಅನ್ನುವ ಹುಡುಗ ಇದು ನಿಜವಾಗಿ ನಡೆಯುವ ಜಗತ್ತೊಂದನ್ನೇ ತೋರಿಸಿದ್ದಾನೆ. ಅದರ ಒಳಗೆ ಗುರುತ್ವ ಇದೆ. ಅಂಚಿನಲ್ಲಿ ಗುರುತ್ವವಿಲ್ಲದ, ಒಂದು ಆಯಾಮ ಕಡಿಮೆ ಇರುವ ಬರೀ ಕ್ವಾಂಟಮ್ ಲೆಕ್ಕ. ಎರಡೂ ಒಂದೇ ಸರ್, ಎರಡು ಭಾಷೆಯಲ್ಲಿ ಬರೆದ ಒಂದೇ ಕತೆ.

ಮೇಷ್ಟ್ರು ಒಂದು ಕಾಯಿ ಸುಲಿದರು. "ಅಂದ್ರೆ ಬೀಜದ ಸಮಾಚಾರ ಎಲ್ಲ ಸಿಪ್ಪೇಲಿದೆ ಅಂತೀಯ."

ಹೌದು ಅಂದೆ.

"ಹಾಗಾದ್ರೆ ತಗೋ, ನೀನು ಸಿಪ್ಪೆ ತಿನ್ನು." ಬೀಜ ಬಾಯಿಗೆ ಹಾಕಿಕೊಂಡರು.

ಆಮೇಲೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ವಿಶ್ವಕ್ಕೆ ಗೋಡೆ ಎಲ್ಲಿದೆ? ಇಲ್ಲ. ಮಾಲ್ಡಸೇನಾ ತೋರಿಸಿದ ಜಗತ್ತು ಒಂದು ರೀತಿ ಡಬ್ಬಿಯ ಹಾಗೆ, ಅದಕ್ಕೆ ಅಂಚಿದೆ. ನಮ್ಮದು ಹಿಗ್ಗುತ್ತಾ ಹೋಗುವ ಜಗತ್ತು. ಆ ಹಿಗ್ಗುವಿಕೆಯ ವೇಗವೂ ಜಾಸ್ತಿಯಾಗುತ್ತಿದೆ ಅಂತ ಗೊತ್ತಾದದ್ದೂ ಅದೇ 1998ರಲ್ಲಿ. ಇವತ್ತಿಗೂ ನಮ್ಮಂಥ ವಿಶ್ವಕ್ಕೆ ಆ ಲೆಕ್ಕ ಹೇಗೆ ಹೊಂದುತ್ತದೆ ಅಂತ ಯಾರೂ ಖಡಾಖಂಡಿತ ಹೇಳಲಾರರು. ಆವತ್ತು ನಾನು ಸುಮ್ನೆ ಮಾತು ತೇಲಿಸಿ ಎರಡು ಸೇರು ಕಾಯಿ ಕೊಂಡೆ.

2015ರ ಜೂನಿನಲ್ಲಿ ಐಐಎಸ್ಸಿ ಆವರಣದಲ್ಲಿ ಸ್ಟ್ರಿಂಗ್ಸ್ ಸಮ್ಮೇಳನ ನಡೆಯಿತು. ಮೇಷ್ಟ್ರಿಗೆ ಆ ಜಾಗ ಕೊನೆವರೆಗೂ ಟಾಟಾ ಇನ್‌ಸ್ಟಿಟ್ಯೂಟೇ. ಒಂದು ಸಂಜೆ ಅವರ ಮನೆಗೆ ಹೋಗಿ ಕಪ್ಪುಕುಳಿ ಲೆಕ್ಕದ ಮುಂದಿನ ಕಂತು ಹೇಳಿದೆ. ನಾಲ್ಕನೇ ಒಂದರ ನಂತರ ಬರುವ ಸಣ್ಣ ತಿದ್ದುಪಡಿಯನ್ನು ಅಶೋಕ್ ಸೇನ್ ಮತ್ತು ಜೊತೆಗಾರರು ಗುರುತ್ವದ ಕಡೆಯಿಂದಲೇ ಲೆಕ್ಕ ಹಾಕಿದ್ದರು. ಎಳೆಗಳನ್ನು ಎಣಿಸಿದ ಲೆಕ್ಕದ ಜೊತೆ ತಾಳೆ ನೋಡಿದರೆ ಒಂದೇ ಬಂತು. ಆ ತಿದ್ದುಪಡಿಯ ಗುಣಕ ಒಂದು ಬಗೆಯ ಕುಳಿಗೆ ಸೊನ್ನೆ, ಇನ್ನೊಂದಕ್ಕೆ ಮೈನಸ್ ನಾಲ್ಕು. "ಇದು ಸ್ವಲ್ಪ ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಡಿಸ್ಟಿಂಕ್ಷನ್.

ಮರುವರ್ಷ ಫೆಬ್ರವರಿಯಲ್ಲಿ ಅವರೇ ಫೋನ್ ಮಾಡಿದರು. ಗುರುತ್ವದ ಅಲೆ ಸಿಕ್ಕಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಕಪ್ಪುಕುಳಿಯನ್ನು ಕದಲಿಸಿದರೆ ಗಂಟೆ ಹೊಡೆದ ಹಾಗೆ ಮಿಡಿದು, ಮೆಲ್ಲಗೆ ಅಡಗುತ್ತದೆ ಅಂತ 1970ರಲ್ಲೇ ಲೆಕ್ಕ ಮಾಡಿ ತೋರಿಸಿದ್ದವರು ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ. ನಮ್ಮ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. "ನೋಡಯ್ಯಾ, 1970ರಲ್ಲಿ ಲೆಕ್ಕ, 2015ರಲ್ಲಿ ರೀಡಿಂಗ್. 45 ವರ್ಷ ಕಾದಿದ್ದಾರೆ. ನಿಮ್ಮದು ಯಾವಾಗ?" ಎಂಬತ್ತು ದಾಟಿದ ಮನುಷ್ಯನ ದನಿಯಲ್ಲಿ ಎಂಥ ಹುಮ್ಮಸ್ಸು. ನಮ್ಮದು ಯಾವಾಗ ಅಂತ ನನಗೆ ಈಗಲೂ ಗೊತ್ತಿಲ್ಲ.

ಇತ್ತೀಚೆಗೆ ಒಂದು ಕಾಲೇಜಿನವರು ಭಾಷಣಕ್ಕೆ ಕರೆದಿದ್ದರು. ಯಾವುದು ಅಂತ ಬೇಡ, ನಮ್ಮದಲ್ಲ. ಅಲ್ಲಿ ಸೋನೋಮೀಟರ್ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಮಕ್ಕಳು ಪ್ರಯೋಗವನ್ನು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಮಾಡುತ್ತಾರೆ. ಯಾವಾಗ ಒತ್ತಿದರೂ 50.00. ನಾವು ಕಷ್ಟಪಟ್ಟು ಮೋಸ ಮಾಡುತ್ತಿದ್ದೆವು, ಈಗ ಅದನ್ನೂ ಯಂತ್ರವೇ ಮಾಡಿಕೊಡುತ್ತದೆ. ಹಾಗಂತ ಮಕ್ಕಳನ್ನು ಪೂರ್ತಿ ಬೈಯಲಾರೆ. ಕಪ್ಪುಕುಳಿ ಆವಿಯಾಗಿ ಹೋದರೆ ಒಳಗೆ ಬಿದ್ದ ಮಾಹಿತಿಯ ಗತಿ ಏನು, 2019ರ ಲೆಕ್ಕಗಳಿಂದ ಆ ಜಗಳ ತೀರಿತಾ ಅಂತ ಒಬ್ಬಳು ಹುಡುಗಿ ಎದ್ದು ಕೇಳಿದಳು. ನಮ್ಮ ಕಾಲದಲ್ಲಿ ಎಂಎಸ್ಸಿಯವರೂ ಹೀಗೆ ಕೇಳುತ್ತಿರಲಿಲ್ಲ. ನನ್ನ ಉತ್ತರ ಅವಳಿಗೆ ಸಾಲಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೇಷ್ಟ್ರ ವೈಕುಂಠ ಸಮಾರಾಧನೆಗೆ ನಮ್ಮ ಬ್ಯಾಚಿನ ಒಂಬತ್ತು ಜನ ಸೇರಿದ್ದೆವು. 63.6ರ ಹುಡುಗಿಯೂ ಬಂದಿದ್ದಳು. ಬ್ಯಾಂಕಿನಲ್ಲಿದ್ದು ರಿಟೈರ್ ಆಗಿದ್ದಾಳೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಳು. ಅವಳ ಕತೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆ ಅಂತ ಹೇಳಿದೆ. ನನ್ನ ವಿದ್ಯಾರ್ಥಿಗಳಿಗೆ, ಭಾಷಣಗಳಲ್ಲಿ, ಹೊರದೇಶದಲ್ಲೂ. ಇಪ್ಪತ್ಮೂರು ಜನ ಸುಳ್ಳು ಬರೆದಾಗ ಒಬ್ಬಳೇ ಕಂಡದ್ದನ್ನು ಬರೆದ ಹುಡುಗಿ ಅಂತ.

ಅವಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. "ಅಯ್ಯೋ, ಹಾಗೇನಿಲ್ಲ ಕಣೋ" ಅಂದಳು. "ಐವತ್ತು ಬರಬೇಕು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಆ ವಾರ ಜ್ವರ ಬಂದು ಥಿಯರಿ ಕ್ಲಾಸಿಗೆ ಬಂದಿರ್ಲಿಲ್ಲ."

ಮೇಷ್ಟ್ರಿಗೆ ಇದು ಗೊತ್ತಿತ್ತಾ ಅಂತ ಕೇಳಿದೆ.

"ಆವತ್ತೇ ಹೇಳಿದ್ದೆ. ಅದಕ್ಕೇ ಹತ್ತಕ್ಕೆ ಹತ್ತು ಕೊಟ್ಟಿದ್ದು ಅಂದ್ರು."