ಸಂಜೀವನಿ ಮಾಚಿಯ ಜೋಡಿ ಗೋಡೆ: ಕೆಲಸದ ಟಿಪ್ಪಣಿ, ಜೊತೆಗೊಂದು ತಕರಾರು

ಮಹಾರಾಷ್ಟ್ರದಲ್ಲಿ ದೀಪಾವಳಿಗೆ ಮನೆಮನೆಯಲ್ಲಿ ಕಟ್ಟುವ ಮಣ್ಣಿನ ಪುಟ್ಟ ಕೋಟೆಯೇ ಕಿಲ್ಲೆ. ಈ ದೀಪಾವಳಿಯ ಕಿಲ್ಲೆಗೆ ಶಿವಾಜಿಯ ರಾಜಗಡವನ್ನು ಆರಿಸಿಕೊಂಡವನು, ಇಡೀ ಗಡವನ್ನು ಕಟ್ಟುವ ಆಸೆ ಬಿಟ್ಟು ಸಂಜೀವನಿ ಮಾಚಿಯ (ಮಾಚಿ ಎಂದರೆ ಗಡದ ಬದಿಗೆ ಚಾಚಿದ, ಗೋಡೆ ಕಟ್ಟಿದ ಗುಡ್ಡದ ಭಾಗ) ಒಂದು ತುಂಡಿಗೆ ಇಳಿದಿದ್ದೇನೆ. ನಡುವೆ ಎತ್ತರದಲ್ಲಿ ಬಾಲೇಕಿಲ್ಲೆ ಎಂಬ ಒಳಕೋಟೆ, ಅದರ ಬುಡದಿಂದ ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮೂರು ಮಾಚಿಗಳು ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿರುವ ಕೋಟೆ ಅದು. ನಮ್ಮ ಸೊಸೈಟಿಯ ಮೆಟ್ಟಿಲ ಕೆಳಗಿನ ಜಾಗಕ್ಕೆ ಅದನ್ನೆಲ್ಲ ಕುಗ್ಗಿಸಿದರೆ ನನಗೆ ಬೇಕಾದದ್ದೇ ಕಾಣದೆ ಹೋಗುತ್ತದೆ. ನನಗೆ ಬೇಕಾದದ್ದು ಸಂಜೀವನಿಯ ಜೋಡಿ ಗೋಡೆ. ಹೊರಗೊಂದು ತಟಬಂದಿ (ಕೋಟೆಗೋಡೆ), ಒಳಗೊಂದು ತಟಬಂದಿ, ಎರಡರ ನಡುವೆ ಮನುಷ್ಯರು ಮರೆಯಲ್ಲಿ ಓಡಾಡಬಹುದಾದ ಇಕ್ಕಟ್ಟಾದ ಓಣಿ. ಹೊರಗಿನದು ಒಡೆದರೂ ಶತ್ರುವಿಗೆ ಎದುರಾಗುವುದು ಇನ್ನೊಂದು ಗೋಡೆಯೇ. ಅಳತೆ 1:100 ಎಂದು ಇಟ್ಟುಕೊಂಡಿದ್ದೇನೆ, ಅಂದರೆ ಆಳೊಬ್ಬ ಸುಮಾರು 17 ಮಿಲಿಮೀಟರ್ ಎತ್ತರ. ಕುಂಭಾರವಾಡದಲ್ಲಿ ಸಿಗುವ ಮಣ್ಣಿನ ಮಾವಳೆಗಳು, ಅಂದರೆ ಶಿವಾಜಿಯ ಸೈನಿಕರ ಗೊಂಬೆಗಳು, ಈ ಲೆಕ್ಕದಲ್ಲಿ ಬುರುಜಿಗೆ ಸರಿಸಮನಾಗಿ ನಿಲ್ಲುತ್ತವೆ. ಹೀಗಾಗಿ ಈ ಸಲ ಮಾವಳೆಗಳಿಲ್ಲ, ಮಕ್ಕಳು ಮುನಿಸಿಕೊಂಡರೂ ಸರಿ.

ಗುಡ್ಡಕ್ಕೆ ಎಂದಿನಂತೆ ಇಟ್ಟಿಗೆ, ಕಲ್ಲು, ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿತಟ್ಟು. ಗೋಡೆಗೆ ಮಾತ್ರ ಗಣಪತಿ ಮಾಡುವ ಶಾಡೂ ಜೇಡಿಮಣ್ಣು ಬಳಸುತ್ತಿದ್ದೇನೆ. ಮನೆಯ ಗಣಪತಿಯನ್ನು ಬಕೆಟ್ಟಿನಲ್ಲಿ ವಿಸರ್ಜಿಸಿದ ಮೇಲೆ ತಳದಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿಟ್ಟಿದ್ದೆ. ಶಾಡೂ ಒಣಗುವಾಗ ಕುಗ್ಗಿ ಬಿರಿಯುತ್ತದೆಯಾದ್ದರಿಂದ, ನೆನೆಸಿ ರುಬ್ಬಿದ ಹಳೆಯ ಪತ್ರಿಕೆಯ ಕಾಗದವನ್ನು ಅದರಲ್ಲಿ ಬೆರೆಸಿ ನಾದಿ, ಹಲಗೆಯ ಮೇಲೆ ಒಂದೇ ದಪ್ಪಕ್ಕೆ ಲಟ್ಟಿಸಿ, ಪಟ್ಟಿಗಳನ್ನಾಗಿ ಕತ್ತರಿಸಿದೆ. ಉಗುರು ಒತ್ತಿದರೆ ಗುರುತು ಮೂಡುವ, ಆದರೆ ಬೆರಳಿಗೆ ಮೆತ್ತದ ಹದಕ್ಕೆ ಮಣ್ಣು ಬಂದಾಗ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕಲ್ಲಿನ ಸಾಲುಗಳನ್ನು ಗೀರಬೇಕು. ಅಡ್ಡ ಸಾಲು ನೇರವಾಗಿರಲಿ, ಉದ್ದ ಸಂದುಗಳು ಒಂದರಂತೆ ಒಂದು ಇರಬಾರದು. ಇದ್ದರೆ ಕೋಟೆಯ ಗೋಡೆ ಹೋಗಿ ಕಂಪೌಂಡ್ ಗೋಡೆಯಾಗುತ್ತದೆ. ಒಳಗೋಡೆ ಮುಗಿದು ಒಣಗಿದೆ. ಹೊರಗೋಡೆ ಅರ್ಧವಾಗಿದೆ.

ಅರ್ಧಕ್ಕೆ ನಿಂತದ್ದಕ್ಕೆ ಕಾರಣವಿದೆ. ಎರಡೂ ಗೋಡೆಗಳನ್ನು ಪೂರ್ತಿ ಕಟ್ಟಿಬಿಟ್ಟರೆ ನಡುವಿನ ಓಣಿ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಹೊರಗೋಡೆಯ ಒಂದು ಭಾಗವನ್ನು ತೆರೆದು ತೋರಿಸಲೇಬೇಕು. ಹೇಗೆ ತೆರೆಯಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದ ವಾರದಲ್ಲಿಯೇ, ನಮ್ಮ ಪುಣೆಯ ಕನ್ನಡಿಗರ ಕಿಲ್ಲೆ ಗುಂಪಿನಲ್ಲಿ ಇದೇ ವಿಷಯಕ್ಕೆ ಜಗಳ ಹತ್ತಿಕೊಂಡಿತು.

ಕೋಥರೂಡದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಬಾಲ್ಕನಿಯಲ್ಲಿ ಇದೇ ಮಾಚಿಯನ್ನು ಕಟ್ಟಿ, ಹೊರಗೋಡೆಯ ತುಂಡೊಂದನ್ನು ಕೈಯಿಂದ ಎತ್ತಿ ತೆಗೆಯುವಂತೆ ಮಾಡಿದ್ದರು. ಈ ವರ್ಷ ಪಿಂಪ್ರಿಯ ಹುಡುಗಿಯೊಬ್ಬಳು ಹೊರಗೋಡೆ ತೆರೆದ ಸಂಜೀವನಿಯ ಫೋಟೋ ಹಾಕಿದಳು. ಅರ್ಧ ಗಂಟೆಯೊಳಗೆ ಹಿರಿಯರ ಧ್ವನಿ ಸಂದೇಶ ಬಂತು: "ನನ್ನ ಐಡಿಯಾ ಎತ್ತಿ ತನ್ನ ಹೆಸರಿಗೆ ಹಾಕಿಕೊಂಡಾಳ, ಇಲ್ಲಿ ಕೇಳೋರು ಯಾರೂ ಇಲ್ಲೇನ್ರೀ?" ಹುಡುಗಿಯ ಉತ್ತರ ಮೆತ್ತಗಿತ್ತು, ಆದರೆ ಸೋಲುವಂಥದ್ದಾಗಿರಲಿಲ್ಲ: "ಕಾಕಾ, ನಿಮ್ಮ ಕಿಲ್ಲೆ ನೋಡಿಲ್ಲ ಅಂತ ನಾ ಹೇಳಂಗಿಲ್ಲ. ಆದರ ನಾನೂ ಗಡ ಹತ್ತಿ, ಆ ಓಣ್ಯಾಗ ಇಳಿದು ನೋಡಿಬಂದೇ ಕಟ್ಟೀನಿ." ಅಲ್ಲಿಂದ ಗುಂಪು ಎರಡು ಪಾಲಾಯಿತು. ಹಳಬರು ಕಾಕಾ ಕಡೆ, ಹೊಸಬರು ಹುಡುಗಿಯ ಕಡೆ. ಎರಡೂ ಕಿಲ್ಲೆಗಳ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಕಡಿಮೆ.

ನನ್ನ ಕೆಲಸಕ್ಕೂ ಬೇಕಾಗಿದ್ದರಿಂದ ನಾನು ಇಟ್ಟು ನೋಡಿದೆ. ಜೋಡಿ ಗೋಡೆ, ಬುರುಜಿನ ದುಂಡು, ಓಣಿಗೆ ಇಳಿಯುವ ಮೆಟ್ಟಿಲು, ಮಾಚಿ ಹಂತಹಂತವಾಗಿ ಕೆಳಗಿಳಿಯುವ ರೀತಿ, ಇವೆಲ್ಲ ಎರಡರಲ್ಲೂ ಇವೆ. ಆದರೆ ಇವೆಲ್ಲ ಗಡದ್ದೇ, ಕಾಕಾ ಅವರದೂ ಅಲ್ಲ, ಹುಡುಗಿಯದೂ ಅಲ್ಲ. ಸರಿಯಾಗಿ ಕಟ್ಟಿದ ಯಾರ ಕಿಲ್ಲೆಯಲ್ಲಾದರೂ ಇವು ಇರಲೇಬೇಕು, ಇರದಿದ್ದರೆ ತಪ್ಪು. ನಕಲು ಪತ್ತೆಯಾಗುವುದು ಗಡದಲ್ಲಿಲ್ಲದೆ ಕಿಲ್ಲೆಯಲ್ಲಿ ಮಾತ್ರ ಇರುವ ಸಂಗತಿಗಳಲ್ಲಿ. ಕಾಕಾ ಅವರ ಬಾಲ್ಕನಿಯ ಮೂಲೆಯಲ್ಲಿ ನೀರಿನ ಪೈಪು ಇರುವುದರಿಂದ ಅವರ ಹೊರಗೋಡೆ ಎರಡನೆಯ ಬುರುಜಿನ ಆಚೆ ಸಟ್ಟನೆ ಒಳಕ್ಕೆ ಬಾಗುತ್ತದೆ. ಗಡದಲ್ಲಿ ಅಂಥ ಬಾಗು ಇಲ್ಲ. ಹುಡುಗಿಯ ಗೋಡೆಯಲ್ಲಿಯೂ ಇಲ್ಲ. ಅವರು ಗೋಡೆಯನ್ನು ಅಡ್ಡ ಸೀಳಿ ತುಂಡನ್ನು ಮೇಲಕ್ಕೆತ್ತುವಂತೆ ಮಾಡಿದ್ದರೆ, ಇವಳು ಉದ್ದಕ್ಕೂ ಸೀಳಿ, ಹೊರಮೈಯನ್ನು ಗುಡ್ಡದ ತಳದವರೆಗೆ ತೆಗೆದೇ ಬಿಟ್ಟು, ಸೀಳಿದ ಅಂಚಿಗೆ ಕಾವಿ ಬಳಿದಿದ್ದಾಳೆ. ಒಂದು ಮುಚ್ಚಿ ತೆರೆಯುವ ಆಟ, ಇನ್ನೊಂದು ಇಂಜಿನಿಯರಿಂಗ್ ಡ್ರಾಯಿಂಗಿನ ಛೇದನೋಟ. ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ಪದ್ಧತಿಯೋ ವಾಸ್ತುಶಿಲ್ಪದ ನಕ್ಷೆಗಳಷ್ಟು ಹಳೆಯದು.

ಗುಂಪಿನಲ್ಲಿರುವ ವಕೀಲರೊಬ್ಬರು ನೆನಪಿಸಿದ ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತನ್ನ ನಾಟಕದಿಂದ ಸಿನಿಮಾ ಕದ್ದಿದ್ದಾರೆಂದು ನಾಟಕಕಾರರೊಬ್ಬರು ಹೂಡಿದ್ದ ಆರ್. ಜಿ. ಆನಂದ್ ಮತ್ತು ಡೀಲಕ್ಸ್ ಫಿಲ್ಮ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಹೇಳಿದ್ದು ಇಷ್ಟು: ಕಲ್ಪನೆ, ವಸ್ತು, ಕಥಾಹಂದರ, ಐತಿಹಾಸಿಕ ಸಂಗತಿಗಳ ಮೇಲೆ ಕೃತಿಸ್ವಾಮ್ಯವಿರುವುದಿಲ್ಲ, ಮೂಲ ಒಂದೇ ಆಗಿದ್ದಾಗ ಹೋಲಿಕೆಗಳು ಬರುವುದು ಸಹಜ, ನೋಡಬೇಕಾದದ್ದು ಆ ಕಲ್ಪನೆಯನ್ನು ಮೂಡಿಸಿದ ರೀತಿಯ ಮುಖ್ಯ ಭಾಗಗಳನ್ನೇ ಎತ್ತಿಕೊಂಡಿದ್ದಾರೆಯೇ ಎಂಬುದನ್ನು. ನಾಟಕಕಾರರು ಆ ಮೊಕದ್ದಮೆಯನ್ನು ಸೋತರು. ಮಣ್ಣಿನ ಕಿಲ್ಲೆಗೆ ಕೋರ್ಟಿನ ಮಾತು ಏಕೆ ಎಂದು ಕೆಲವರು ನಕ್ಕರು, ಆದರೆ ಗುಂಪಿನ ಜಗಳಗಳಲ್ಲಿ ಬಹುಪಾಲು ಈ ವ್ಯತ್ಯಾಸ ತಿಳಿಯದೆ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ಈ ವರ್ಷ ಇಬ್ಬರು ಮೂವರು ಒಟ್ಟಿಗೆ ಸಂಜೀವನಿಗೆ ಕೈ ಹಾಕಿದ್ದರಲ್ಲಿಯೂ ಆಶ್ಚರ್ಯವೇನಿಲ್ಲ. 2025ರ ಜುಲೈಯಲ್ಲಿ ಮರಾಠಾ ಸೈನಿಕ ಭೂದೃಶ್ಯಗಳೆಂದು ಹನ್ನೆರಡು ಕೋಟೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ತಮಿಳುನಾಡಿನ ಜಿಂಜಿಯೊಂದನ್ನು ಬಿಟ್ಟರೆ ಉಳಿದವೆಲ್ಲ ಮಹಾರಾಷ್ಟ್ರದವು, ರಾಜಗಡವೂ ಅವುಗಳಲ್ಲೊಂದು. ಅಂದಿನಿಂದ ಮಾಚಿಯ ಡ್ರೋನ್ ಚಿತ್ರಗಳು ಎಲ್ಲರ ಮೊಬೈಲಿನಲ್ಲೂ ಇವೆ. ಒಂದೇ ಚಿತ್ರ ನೋಡಿದವರಿಗೆ ಒಂದೇ ಆಸೆ ಹುಟ್ಟಿದರೆ ಅದರಲ್ಲಿ ಕಳ್ಳತನ ಹುಡುಕುವುದು ಅತಿಯಾಯಿತು.

ಹಾಗೆಂದು ಕಾಕಾ ಅವರ ಸಂಕಟ ಸುಳ್ಳಲ್ಲ. ಗೋಡೆ ತೆರೆಯಬಹುದೆಂದು ಗುಂಪಿಗೆ ಮೊದಲು ತೋರಿಸಿದವರು ಅವರೇ, ಮತ್ತು ಹುಡುಗಿ ಫೋಟೋದ ಕೆಳಗೆ ಒಂದು ಸಾಲು ಬರೆದಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಕಾನೂನು ಕೇಳದ ಋಣವನ್ನೂ ಹವ್ಯಾಸಿಗಳ ನಡುವೆ ತೀರಿಸುವ ರೂಢಿ ಇರಬೇಕು. ಆದರೆ ಅದನ್ನು ಅವಳಿಗೆ ಫೋನ್ ಮಾಡಿ, "ತಂಗೀ, ನನ್ನ ಹೆಸರೂ ಒಂದು ಹಾಕವ್ವಾ" ಎಂದು ಕೇಳಬಹುದಿತ್ತು. ನೂರಾರು ಜನರ ಮುಂದೆ ಕಳ್ಳಿ ಎಂದಮೇಲೆ ಯಾರೂ ಪ್ರೀತಿಯಿಂದ ಹೆಸರು ಹಾಕುವುದಿಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ತಯಾರಿ ಕಿಲ್ಲೆಗಳ ಕಿಟ್ ಮಾರುವವರೊಬ್ಬರ ಜಾಹೀರಾತಿನಲ್ಲಿ ಸಂಜೀವನಿಯ ಚಿತ್ರವೊಂದಿದೆ, ಅದರಲ್ಲಿ ಎರಡನೆಯ ಬುರುಜಿನ ಆಚೆ ಗೋಡೆ ಸಟ್ಟನೆ ಒಳಕ್ಕೆ ಬಾಗಿದೆ. ಪೈಪನ್ನು ಕತ್ತರಿಸಿ ತೆಗೆದಿದ್ದಾರೆ, ಬಾಗನ್ನು ತೆಗೆಯಲು ಆಗಿಲ್ಲ. ಅದು ಕಾಕಾ ಅವರು ತಮ್ಮ ಕೈಯಾರೆ ತೆಗೆದ ಫೋಟೋ. ಕಲ್ಪನೆಗಿಲ್ಲದ ರಕ್ಷಣೆ ಫೋಟೋಗೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರವೂ ಕಲಾಕೃತಿಯೇ. ಪಿಂಪ್ರಿಯ ಹುಡುಗಿಯ ಮೇಲೆ ಪುಟಗಟ್ಟಲೆ ಬರೆದ ಗುಂಪು ಈ ಜಾಹೀರಾತನ್ನು ಕಂಡೂ ಕಾಣದಂತೆ ಇತ್ತು. ಎರಡು ಚಿತ್ರಗಳನ್ನೂ ಒಟ್ಟಿಗೆ ಹಾಕಿ ಕಾಕಾ ಅವರಿಗೆ ಕಳಿಸಿದ್ದೇನೆ, ಮಾರಾಟಗಾರರಿಗೆ ಪತ್ರ ಬರೆಯಲು ವಕೀಲರು ಒಪ್ಪಿದ್ದಾರೆ. ಬಾಗನ್ನು ಮೊದಲು ಗುರುತಿಸಿದವಳು ಅದೇ ಹುಡುಗಿ.

ಜಗಳದ ಬಿಸಿಯಲ್ಲಿ ಇನ್ನೊಬ್ಬರು, ಕಿಲ್ಲೆಯ ಇಳಿಜಾರಿನಲ್ಲಿ ಹಸಿರು ಮೊಳೆಯಲೆಂದು ಅಳವಿ ಬೀಜ ಹಚ್ಚುವ ಉಪಾಯ ತಮ್ಮದೆಂದು ಹಕ್ಕು ಸಾಧಿಸಿದರು. ಸಾಸಿವೆ ಕಡಿದಾದ ಜಾಗದಲ್ಲಿ ಉರುಳಿ ಬೀಳುತ್ತದೆ, ಅಳವಿ ನೆನೆದರೆ ಲೋಳೆ ಬಿಟ್ಟು ಅಂಟಿಕೊಳ್ಳುತ್ತದೆ. ಇದು ಬಾಣಂತಿಗೆ ಅಳವಿ ಪಾಯಸ ಮಾಡಿದ ಪ್ರತಿ ಅಜ್ಜಿಗೂ ಗೊತ್ತು. ಅದಕ್ಕೆ ಯಾರೂ ಉತ್ತರಿಸಲಿಲ್ಲ, ಒಳ್ಳೆಯದೇ ಆಯಿತು.

ಈಗ ಕೆಲಸಕ್ಕೆ ಬರುತ್ತೇನೆ. ನನ್ನ ಹೊರಗೋಡೆಯನ್ನು ಹುಡುಗಿಯಂತೆ ಉದ್ದಕ್ಕೆ ಸೀಳುತ್ತೇನೆ, ಆದರೆ ಬುರುಜಿನ ಭಾಗವನ್ನು ಮಾತ್ರ ಕಾಕಾ ಅವರಂತೆ ಎತ್ತುವ ಹಾಗೆ ಇಡುತ್ತೇನೆ, ಏಕೆಂದರೆ ಮಕ್ಕಳು ಕೈ ಹಾಕದೆ ಬಿಡುವುದಿಲ್ಲ. ಕಿಲ್ಲೆಯ ಮುಂದಿನ ಫಲಕದಲ್ಲಿ ಇಬ್ಬರ ಹೆಸರೂ ಇರುತ್ತದೆ. ಇಬ್ಬರನ್ನೂ ಕೇಳಿದೆ, ಕಾಕಾ ತಮ್ಮ ಹೆಸರು ಮೊದಲು ಬರಬೇಕೆಂದರು, ಹುಡುಗಿ ನಕ್ಕು ಒಪ್ಪಿದಳು. ಎತ್ತುವ ತುಂಡಿನ ಅಂಚು ಒಣಗಿದಾಗ ಕುಗ್ಗಿ ಸಂದು ದೊಡ್ಡದಾಗುತ್ತಿರುವುದೇ ಈಗ ಉಳಿದಿರುವ ತೊಂದರೆ. ಎರಡೂ ಮೈಗಳನ್ನು ಒಂದೇ ಪಟ್ಟಿಯಿಂದ ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಒತ್ತಾಗಿ ಜೋಡಿಸಿಯೇ ಒಣಗಿಸಿ ನೋಡುತ್ತೇನೆ. ಅದು ಸರಿಹೋದರೆ ದೀಪಾವಳಿ ಶುರುವಾಗುವ ವಸುಬಾರಸಕ್ಕೆ ನಾಲ್ಕೈದು ದಿನ ಮುಂಚೆ ಅಳವಿ ಹಚ್ಚುವುದು, ನಂತರ ದಿನಕ್ಕೆರಡು ಸಲ ನೀರು ಚಿಮುಕಿಸುವುದು. ಶಾಡೂ ಗೋಡೆಗೆ ನೀರು ತಾಗದಂತೆ ಪ್ಲಾಸ್ಟಿಕ್ ಮುಚ್ಚಿಡಬೇಕು.