ತುಳಸಿಗೆ ಬಲ್ಬು

ಎದುರುಮನೆಯವರು ಮೂರನೆಯ ಮಹಡಿ ಎಬ್ಬಿಸಿದ ಮೇಲೆ ನಮ್ಮ ಬಾಲ್ಕನಿಯ ತುಳಸಿ ಬಿಸಿಲು ಕಂಡಿಲ್ಲ. ಬೆಳಕು ಹುಡುಕುತ್ತಾ ಕತ್ತು ಚಾಚಿ ಚಾಚಿ ಸಣಕಲಾಗಿತ್ತು. ಗಿಡಗಳಿಗೆಂದೇ ಮಾರುವ ನೇರಳೆ ದೀಪದ ಬೆಲೆ ಕೇಳಿ ಸುಮ್ಮನೆ ಮನೆಗೆ ಬಂದೆ.

ಭಾನುವಾರ ಕುಳಿತು ನಾನೇ ಒಂದು ಮಾಡಿದೆ. 9 ವ್ಯಾಟಿನ ಎರಡು ಬಿಳಿ ಎಲ್‌ಇಡಿ ಬಲ್ಬು, ಎರಡು ಹೋಲ್ಡರ್, ಒಂದಷ್ಟು ವೈರು, ಅಟ್ಟದ ಮೇಲಿದ್ದ ಮರದ ಹಲಗೆಗೆ ಉಳಿದಿದ್ದ ಬಿಳಿ ಬಣ್ಣ. ನೇರಳೆಯೇ ಬೇಕೆಂದೇನಿಲ್ಲ. ಬಿಳಿ ಎಲ್‌ಇಡಿ ಎಂದರೆ ಹಳದಿ ಫಾಸ್ಫರ್ ಲೇಪ (ನೀಲಿ ಬೆಳಕಿನ ಒಂದಷ್ಟನ್ನು ಹೀರಿ ಬೇರೆ ಬಣ್ಣಗಳಾಗಿ ಹೊಮ್ಮಿಸುವ ಪುಡಿ) ಹಚ್ಚಿಕೊಂಡ ನೀಲಿ ಎಲ್‌ಇಡಿಯೇ. ಎಲೆಯ ಹಸಿರು, ಅಂದರೆ ಪತ್ರಹರಿತ್ತು, ಬೇಡುವ ನೀಲಿಯೂ ಕೆಂಪೂ ಅದರಲ್ಲಿವೆ. ಬಲ್ಬಿನ ಬಿಳಿ ಟೋಪಿ ಕಿತ್ತರೆ ಬೆಳಕು ಹೆಚ್ಚುತ್ತದಂತೆ. ಒಳಗಿನ ಬಿಲ್ಲೆ ಮುಟ್ಟಿದರೆ ಶಾಕ್ ಹೊಡೆಯಬಹುದು, ಹಾಗಾಗಿ ಆ ಸಾಹಸ ನನಗೆ ಬೇಡವಾಯಿತು.

ಮೊದಲು ಎರಡಡಿ ಎತ್ತರಕ್ಕೆ ಕಟ್ಟಿ ವಾರವಿಡೀ ಕಾದೆ, ಏನೂ ಆಗಲಿಲ್ಲ. ದೂರ ಹೋದಷ್ಟೂ ಬೆಳಕು ಎಷ್ಟು ಬೇಗ ಸೊರಗುತ್ತದೆಂಬುದು ಓದಿದ್ದರೂ ಮರೆತಿತ್ತು. ಈಗ ಗಿಡದ ತುದಿಗೂ ಬಲ್ಬಿಗೂ ಒಂದೇ ಗೇಣು. ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಸುಮಾರು ಆರೂವರೆ ಯೂನಿಟ್. ರಾತ್ರಿ ಆರಿಸುತ್ತೇನೆ, ಅದಕ್ಕೂ ಕತ್ತಲು ಬೇಕಲ್ಲ.

"ಸಂಜೆ ಒಂದು ದೀಪ ಹಚ್ಚಿದರೆ ಸಾಕಿತ್ತು ಕಣೋ ನಮ್ಮ ತುಳಸಿಗೆ" ಎಂದು ಊರಿನಿಂದ ಅಮ್ಮ ಫೋನಿನಲ್ಲಿ ನಕ್ಕರು. ಅಂಗಳವಿದ್ದವರ ಮಾತು ಅದು.

ನಿನ್ನೆ ಎರಡು ಚಿಗುರು ಕಂಡವು. ಅಮ್ಮನಿಗೆ ಫೋಟೊ ಕಳಿಸಿದ್ದೇನೆ, ಬಲ್ಬು ಕಾಣದ ಹಾಗೆ ಕತ್ತರಿಸಿ.