ಎರಡು ಚಪ್ಪಾಳೆಗಳ ನಡುವಿನ ಒಂದು ಗಂಟೆ

ಒಂದು ಗಂಟೆಯ ಸಂಭಾಷಣೆಯನ್ನು ಈಚೆಗೆ ಮನೆಯ ಕಂಪ್ಯೂಟರಿನಲ್ಲಿಯೂ ಒಂದು ಕೈ ರೆಕಾರ್ಡರಿನಲ್ಲಿಯೂ ಏಕಕಾಲಕ್ಕೆ ಧ್ವನಿಮುದ್ರಿಸಿಕೊಂಡೆ. ಆರಂಭದಲ್ಲಿ, ನಡುವಿನಲ್ಲಿ ಮತ್ತು ಕೊನೆಯಲ್ಲಿ ಒಂದೊಂದು ಚಪ್ಪಾಳೆ ತಟ್ಟಿದ್ದೆ. ಮೊದಲ ಚಪ್ಪಾಳೆಯನ್ನು ಪರದೆಯ ಮೇಲೆ ಹಿಗ್ಗಿಸಿ, ಎರಡು ಟ್ರ್ಯಾಕುಗಳಲ್ಲೂ ಅಲೆ ಥಟ್ಟನೆ ಮೇಲೇಳುವ ಬಿಂದುವನ್ನು ಒಂದೇ ಗೆರೆಗೆ ತಂದು ನಿಲ್ಲಿಸಿದೆ. ಮೊದಲ ಐದು ನಿಮಿಷ ಎಲ್ಲವೂ ಸರಿಯಾಗಿಯೇ ಕೇಳಿಸಿತು. ಆದರೆ ಕೊನೆಯ ಹತ್ತು ನಿಮಿಷಗಳಲ್ಲಿ ಪ್ರತಿ ಮಾತಿನ ಬೆನ್ನಿಗೇ ಅದರ ಪ್ರತಿಧ್ವನಿ ಬರತೊಡಗಿತ್ತು. ಅಳೆದು ನೋಡಿದರೆ ಕೊನೆಯ ಚಪ್ಪಾಳೆಗಳ ನಡುವೆ 90 ಮಿಲಿಸೆಕೆಂಡುಗಳ ಅಂತರವಿತ್ತು.

ಇದು ತಂತ್ರಾಂಶದ ದೋಷವಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಲೆಯ ಬಿಡಿ ಅಳತೆಗಳು) ಎಂದು ನಾವು ಆರಿಸಿಕೊಂಡರೂ ಆ ಸೆಕೆಂಡನ್ನು ಅಳೆಯುವುದು ಆಯಾ ಸಾಧನದ ಒಳಗಿರುವ ಕ್ವಾರ್ಟ್ಜ್ ಹರಳು, ಮತ್ತು ಯಾವ ಎರಡು ಹರಳುಗಳೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ನನ್ನ ಎರಡು ಸಾಧನಗಳ ವ್ಯತ್ಯಾಸ ಹತ್ತು ಲಕ್ಷಕ್ಕೆ 25ರಷ್ಟು, ಅಂದರೆ ಸೆಕೆಂಡಿಗೆ ಒಂದು ಸ್ಯಾಂಪಲ್‌ಗಿಂತ ತುಸು ಹೆಚ್ಚು. ಅಷ್ಟು ಸಣ್ಣದು ಗಂಟೆಯೊಂದರಲ್ಲಿ ಸುಮಾರು 3,970 ಸ್ಯಾಂಪಲ್‌ಗಳಾಗಿ ಬೆಳೆದಿತ್ತು.

ಹೀಗೆ ಬೆಳೆಯುತ್ತ ಹೋಗುವ ತಪ್ಪನ್ನೂ ಸ್ಥಿರವಾದ ವಿಳಂಬವನ್ನೂ ಒಂದೇ ಎಂದು ಬಹಳ ಮಂದಿ ಭಾವಿಸುತ್ತಾರೆ. ನಾನಂತೂ ವರ್ಷಗಟ್ಟಲೆ ಹಾಗೆಯೇ ತಿಳಿದಿದ್ದೆ. 256 ಸ್ಯಾಂಪಲ್‌ಗಳ ಬಫರ್ (ಧ್ವನಿಯನ್ನು ಕ್ಷಣಕಾಲ ಕೂಡಿಟ್ಟು ಮುಂದೆ ಕಳಿಸುವ ತಾತ್ಕಾಲಿಕ ಸ್ಮೃತಿ) ತರುವ 5.8 ಮಿಲಿಸೆಕೆಂಡುಗಳ ವಿಳಂಬವು ಹಾಡಿನ ಆದಿಯಿಂದ ಅಂತ್ಯದವರೆಗೂ ಅಷ್ಟೇ ಇರುತ್ತದೆ. ಸೌಂಡ್ ಕಾರ್ಡಿನ ಔಟ್‌ಪುಟ್ಟನ್ನು ತಂತಿಯ ಮೂಲಕ ಅದರ ಇನ್‌ಪುಟ್ಟಿಗೇ ಜೋಡಿಸಿ, ಒಂದು 'ಟಿಕ್' ಸದ್ದನ್ನು ನುಡಿಸಿ ಮರಳಿ ಮುದ್ರಿಸಿಕೊಂಡರೆ ಒಟ್ಟು ವಿಳಂಬ ಎಷ್ಟೆಂದು ಎಣಿಸಬಹುದು, ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಕೆಲಸ ಮುಗಿಯಿತು. ಎಂಪಿ3ಗೆ ಪರಿವರ್ತಿಸುವಾಗ ಆರಂಭದಲ್ಲಿ ಸೇರಿಕೊಳ್ಳುವ ಮೌನವೂ ಇದೇ ಜಾತಿಯದು. ಹಾಗಾಗಿ ಟ್ರ್ಯಾಕುಗಳನ್ನು ಜೋಡಿಸುವವರು ಧ್ವನಿಯನ್ನು ಸಂಕುಚಿಸದೆ ಇದ್ದಂತೆಯೇ ಇಡುವ ಡಬ್ಲ್ಯುಎವಿ (WAV) ಕಡತಗಳನ್ನೇ ಬಳಸುವುದು ಒಳ್ಳೆಯದು.

ಹರಳುಗಳ ವ್ಯತ್ಯಾಸಕ್ಕೆ ಮಾತ್ರ ಸರಿಸುವುದು ಮದ್ದಲ್ಲ. ಮೊದಲ ಮತ್ತು ಕೊನೆಯ ಚಪ್ಪಾಳೆಗಳ ನಡುವಿನ ಉದ್ದವನ್ನು ಎರಡೂ ಟ್ರ್ಯಾಕುಗಳಲ್ಲಿ ಸ್ಯಾಂಪಲ್ ಲೆಕ್ಕದಲ್ಲಿ ಅಳೆದು, ಆ ಅನುಪಾತಕ್ಕೆ ತಕ್ಕಂತೆ ಉದ್ದನೆಯದನ್ನು ಕುಗ್ಗಿಸಿದೆ. ಇಷ್ಟು ಅಲ್ಪ ಬದಲಾವಣೆಯಿಂದ ಶ್ರುತಿಯಲ್ಲಾಗುವ ವ್ಯತ್ಯಾಸ ಯಾವ ಕಿವಿಗೂ ತಿಳಿಯದು.

ಎರಡೂ ತುದಿಗಳು ಕೂಡಿದ ಮೇಲೆ ನಡುವಿನ ಚಪ್ಪಾಳೆಯನ್ನು ಹಿಗ್ಗಿಸಿ ನೋಡಿದೆ. ಅಲ್ಲಿ ಇನ್ನೂ 2 ಮಿಲಿಸೆಕೆಂಡುಗಳ ಬಿರುಕು ಉಳಿದಿತ್ತು. ಹರಳಿನ ವೇಗ ಶಾಖಕ್ಕೆ ತಕ್ಕಂತೆ ತುಸು ಬದಲಾಗುವುದರಿಂದ, ಸಾಧನ ಬಿಸಿಯಾಗುತ್ತಿದ್ದ ಮೊದಲರ್ಧದ ನಡೆಯೇ ಬೇರೆಯಿತ್ತೆಂದು ನನ್ನ ಊಹೆ. ಹೀಗಾಗಿ ಈಗ ಎರಡೂ ಸಾಧನಗಳನ್ನು ಅರ್ಧ ಗಂಟೆ ಮೊದಲೇ ಚಾಲೂ ಮಾಡಿಟ್ಟು, ಆನಂತರವೇ ಮೊದಲ ಚಪ್ಪಾಳೆ ತಟ್ಟುತ್ತೇನೆ.